ಬಣ್ಣ ಹಚ್ಚಿಸಿಕೊಳ್ಳದ ನಾಯಿಗಳ ವಿಷಯ

ದಾವಣಗೆರೆಯ ಬೀದಿನಾಯಿ ಗಣತಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ, ಕೆ.ಬಿ. ಬಡಾವಣೆಯ ವಾಣಿ ಬಾಗಿಲ ಆಚೆಯಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಡಿಮೆ ಖರ್ಚಿನಲ್ಲಿ ನಾಯಿಗಳನ್ನು ಎಣಿಸಿದ ತಮ್ಮ ಜಾಣ್ಮೆಗೆ ನಮ್ಮ ಬೀದಿ ಋಣಿಯಾಗಿದೆ. ಮೊದಲ ದಿನ ಕಂಡ ನಾಯಿಗಳ ಬೆನ್ನಿಗೆ ಬಣ್ಣ ಹಚ್ಚುವುದು, ಮರುದಿನ ಕಂಡವುಗಳಲ್ಲಿ ಬಣ್ಣದವೆಷ್ಟು, ಬಣ್ಣವಿಲ್ಲದವೆಷ್ಟು ಎಂದು ನೋಡಿ ಒಟ್ಟು ಸಂಖ್ಯೆ ಅಂದಾಜಿಸುವುದು; ಪದ್ಧತಿಯೇನೋ ಚೆನ್ನಾಗಿದೆ. ಆದರೆ ತಮ್ಮ ಸಿಬ್ಬಂದಿ ಬಿಸ್ಕತ್ತು ಹಾಕಿ ಬಣ್ಣ ಹಚ್ಚಿದ್ದರಿಂದ, ಮರುದಿನ ಅವೇ ನಾಯಿಗಳು ಬಾಲ ಅಲ್ಲಾಡಿಸುತ್ತ ಬೀದಿಯುದ್ದಕ್ಕೂ ಅವರ ಹಿಂದೆ ನಡೆದವು. ಅಪರಿಚಿತರಿಗೆ ಹೆದರುವ ಉಳಿದವು ಮೋರಿಯ ಸೇತುವೆ ಕೆಳಗೆ ಅಡಗಿದವು. ಕಂಡವೆಲ್ಲ ಬಣ್ಣದವೇ ಆದ್ದರಿಂದ ಇರುವುದೂ ಅಷ್ಟೇ ಎಂದು ತೀರ್ಮಾನಿಸಿ, ಅವಕ್ಕಷ್ಟೇ ರೇಬೀಸ್ ಲಸಿಕೆ ಹಾಕಿಸಿ, ತಾವು ವಾಹನವನ್ನು ಹರಿಹರದ ಕಡೆ ತಿರುಗಿಸಿದಿರಿ.

ಮುಂದಿನ ವಾರವೇ, ಮಂಡಕ್ಕಿ ತರಲು ಹೊರಟ ಪಕ್ಕದ ಮನೆಯ ಮರುಳಸಿದ್ದಮ್ಮನವರನ್ನು ತಮ್ಮ ಪ್ರಕಾರ ಇಲ್ಲದ ನಾಯಿಯೊಂದು ಕಚ್ಚಿತು. ಅವರೇ ಕಚೇರಿಗೆ ಫೋನು ಮಾಡಿದರೆ ತಮ್ಮ ಗುಮಾಸ್ತರು ಬಹಳ ವಿನಯದಿಂದ, "ಅದರ ಮೈಮ್ಯಾಲೆ ಬಣ್ಣ ಇತ್ತೇನ್ರಿ?" ಎಂದು ಕೇಳಿದರು. "ಕಾಲಾಗ ರಕ್ತ ಸೋರ್ತಾ ಐತೆ, ಬಣ್ಣ ಎಲ್ಲಿ ನೋಡ್ಲಪ್ಪ" ಎಂದರು ಅಮ್ಮನವರು. ಬಣ್ಣವಿಲ್ಲದ್ದು ತಮ್ಮ ಲೆಕ್ಕದ ನಾಯಿಯಲ್ಲವೆಂದು ಗುಮಾಸ್ತರು ಫೋನು ಇಟ್ಟುಬಿಟ್ಟರು. ಚುಚ್ಚುಮದ್ದಿಗೆ ಆಸ್ಪತ್ರೆಗೆ ಕರೆದೊಯ್ದಾಗಲೆಲ್ಲ ಆಟೋದಲ್ಲಿ ಆ ಹಿರಿಯರು ನನ್ನ ಕೈ ಬಿಡಲಿಲ್ಲ.

ಆಮೇಲೆ ನಾನೂ ಎದುರುಮನೆಯ ಬಕ್ಕೇಶ್ ಅವರೂ ಬಿಸ್ಕತ್ತಿಲ್ಲದೆ, ಹಾಲು ಬರುವ ಹೊತ್ತಿನಲ್ಲಿ ಬೀದಿ ಸುತ್ತಿ, ಕಿವಿ, ಮಚ್ಚೆ, ಬಾಲದ ಗುರುತು ಸಿಗುವಂತೆ ಒಂದೊಂದೇ ನಾಯಿಯ ಫೋಟೊ ತೆಗೆದೆವು. ತಮ್ಮ ಅಂದಾಜಿನ ಮೂರು ಪಟ್ಟು ಸಿಕ್ಕವು. ತಮಗೆ ಕಳಿಸಿದೆವು; 'ಅನಧಿಕೃತ ನಾಯಿಗಳು' ಎಂದು ಉತ್ತರ ಬಂತು. ಹರಿಹರದ ಪಶುವೈದ್ಯೆ ರುಮಾನಾ ಅವರು ನಮ್ಮಿಂದ ಅದೇ ಫೋಟೊಗಳನ್ನು ತರಿಸಿಕೊಂಡು ಭಾನುವಾರ ಬಂದು, ಅನಧಿಕೃತರಿಗೆಲ್ಲ ಲಸಿಕೆ ಹಾಕಿಹೋದರು. ಮರುಳಸಿದ್ದಮ್ಮನವರು ಈಗ ಮತ್ತೆ ಒಬ್ಬರೇ ಅಂಗಡಿಗೆ ಹೋಗುತ್ತಾರೆ, ಕೈಯಲ್ಲಿ ಕೋಲಿರುತ್ತದೆ.

ಆದ್ದರಿಂದ, ಗಣತಿಗೆ ಸೇರದ ನಾಯಿಗಳು ಯಾರನ್ನೂ ಕಚ್ಚಕೂಡದೆಂದು ತಾವೊಂದು ಆದೇಶ ಹೊರಡಿಸಿ, ಅದನ್ನು ಸೇತುವೆಯ ಕೆಳಗೆ ಅವುಗಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಬೇಕಾಗಿ ವಿನಂತಿ.

ಬಣ್ಣವಿಲ್ಲದ ತಮ್ಮ ವಿಶ್ವಾಸಿ,
ವಾಣಿ

ತಾ.ಕ.: ತಮ್ಮನ್ನು ಕಾಣಲು ಬಂದಾಗಲೆಲ್ಲ ಕಚೇರಿಯಲ್ಲಿ ಕಂಡದ್ದು ಅದೇ ಒಬ್ಬ ಜವಾನರು. ತಮ್ಮದೇ ಪದ್ಧತಿಯಂತೆ ಅಲ್ಲಿನ ಒಟ್ಟು ಸಿಬ್ಬಂದಿ ಒಬ್ಬರೆಂದು ಅಂದಾಜಿಸಿ, ಉಳಿದವರ ಸಂಬಳ ಯಾರಿಗೆ ಹೋಗುತ್ತಿದೆಯೆಂದು ಮೇಲಿನವರನ್ನು ಕೇಳಿದ್ದೇನೆ.