ರೇಡಿಯೋ ಕಾಯುವವರೆಗೆ ಎರಡು ಮಾತು

ಅನ್ಯಾಯವನ್ನು ಕಂಡಲ್ಲಿ ಅದರ ಹೆಸರು ಹಿಡಿದು ಕರೆಯುವವನು ನಾನು. ಬಿಳಿಗೆರೆಯಲ್ಲಿ ಈ ಕೆಲಸಕ್ಕೆ ಬಿಡುವೆಂಬುದಿಲ್ಲ. ವರದಕ್ಷಿಣೆ, ಪಂಕ್ತಿಭೇದ, ಸೊಸೆಯ ಪಾಲಿಗೆ ಮಾತ್ರ ತಳದಲ್ಲಿ ಉಳಿಯುವ ಸಾರು, ಎಲ್ಲದರ ವಿರುದ್ಧವೂ ನಮ್ಮ ಜಗುಲಿಯ ಮೇಲೆ ನಿಂತು ಮಾತನಾಡಿದ್ದೇನೆ. ಹೀಗಿರುವಾಗ ನನ್ನ ಪತ್ನಿ ಗಿರಿಜಳ ಮಾತು ರೇಡಿಯೋದಲ್ಲಿ ಪ್ರಸಾರವಾಗಲಿದೆ ಎಂಬ ಕಾಗದ ಬಂದಿತು. ಹೆಣ್ಣಿನ ದನಿಯನ್ನು ಶತಮಾನಗಳಿಂದ ಅದುಮಿಟ್ಟ ಗಂಡಸರೆಲ್ಲರ ಪರವಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಹೊಣೆ ನನ್ನದೆಂದು ತಿಳಿದೆ.

ಅವಳು ಮಾತನಾಡಿದ್ದು ಕೊಬ್ಬರಿಯ ಬಗ್ಗೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ತೆಂಗಿನಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂಬುದನ್ನು ಒಡೆಯದೆ, ಅಲ್ಲಾಡಿಸಿ, ಕಿವಿಯಿಂದಲೇ ತಿಳಿಯುವ ವಿದ್ಯೆ. ಕೇಂದ್ರಕ್ಕೆ ಹೋಗಿ ಹತ್ತು ನಿಮಿಷದ ಮಾತನ್ನು ಧ್ವನಿಮುದ್ರಿಸಿ ಬಂದಿದ್ದಳು.

"ನನ್ ದನಿ ಹೊರಗಿಂದ ಹೆಂಗೆ ಕೇಳ್ತೈತೆ ಅಂತ ಒಂದ್ಸಲ ಕೇಳ್ಬೇಕು ಕಣ್ರೀ" ಎಂದಳು. ಅವಳ ಆಸೆ ಅಷ್ಟೇ.

ಮನೆಯಲ್ಲಿದ್ದದ್ದು ಮದುವೆಯಲ್ಲಿ ಮಾವನವರು ಕೊಟ್ಟಿದ್ದ ವಾಲ್ವ್ ರೇಡಿಯೋ. (ಅದು ವರದಕ್ಷಿಣೆಯಲ್ಲ, ಉಡುಗೊರೆ ಎಂದು ಆಗಲೇ ಒಂದು ಕರಪತ್ರದಲ್ಲಿ ಸ್ಪಷ್ಟಪಡಿಸಿದ್ದೆ.) ಎತ್ತಿ ಅಲ್ಲಾಡಿಸಿದೆ. ಒಳಗೆ ಲೊಡಲೊಡ ಎಂದಿತು.

"ಇದರ ಆಯುಸ್ಸು ಮುಗಿಯಿತು" ಎಂದು ಘೋಷಿಸಿದೆ.

"ಲೊಡಲೊಡ ಅಂದ್ರೆ ಹದಕ್ಕೆ ಬಂದೈತೆ ಅಂತ ಕಣ್ರೀ, ಕೆಟ್ಟೈತೆ ಅಂತಲ್ಲ. ನಿನ್ನೆ ತಾನೆ ವಾರ್ತೆ ಕೇಳಿದ್ವಲ್ಲ."

ತೆಂಗಿನಕಾಯಿಯ ತರ್ಕವನ್ನು ಯಂತ್ರಕ್ಕೆ ಅನ್ವಯಿಸುವುದು ಅವೈಜ್ಞಾನಿಕವೆಂದು ತಿಳಿಹೇಳಿ, ರೇಡಿಯೋವನ್ನು ಅಟ್ಟಕ್ಕೇರಿಸಿ, ತಿಪಟೂರಿನಿಂದ ಹೊಸ ಟೂ-ಇನ್-ಒನ್ ತಂದೆ. ಅದು ರೇಡಿಯೋವೂ ಹೌದು, ಟೇಪ್ ರೆಕಾರ್ಡರೂ ಹೌದು. ಬಿಡಿಸಿ ಇಡಬಹುದಾದ ಎರಡು ಸ್ಪೀಕರುಗಳು ಬೇರೆ. ಸಮಾನತೆಯ ದೃಷ್ಟಿಯಿಂದ ಒಂದನ್ನು ಗಂಡಸರಿಗಾಗಿ ಹಜಾರದಲ್ಲಿಯೂ ಇನ್ನೊಂದನ್ನು ಹೆಂಗಸರಿಗಾಗಿ ಅಡುಗೆಮನೆಯಲ್ಲಿಯೂ ಇರಿಸಿದೆ.

"ಹೆಂಗಸ್ರು ಅಡುಗೆಮನೇಲೇ ಇರ್ತಾರೆ ಅಂತ ನೀವೇ ತೀರ್ಮಾನ ಮಾಡಿಬುಟ್ರಾ?" ಎಂದಳು ಗಿರಿಜ.

ಎರಡನ್ನೂ ಹಜಾರಕ್ಕೆ ತಂದೆ.

ಪ್ರಸಾರದ ಸಂಜೆ ಅಕ್ಕಪಕ್ಕದವರೆಲ್ಲ ಬಂದು ಕುಳಿತರು. ಹೊಸ ಯಂತ್ರದಲ್ಲಿ ಅದುವರೆಗೆ ಕ್ಯಾಸೆಟ್ ಮಾತ್ರ ಹಾಕಿ ನೋಡಿದ್ದೆ. ಈಗ ರೇಡಿಯೋ ಗುಂಡಿ ತಿರುವಿದರೆ, ಗೇಣುದ್ದದ ಅದರ ಏರಿಯಲ್ ಕಡ್ಡಿಗೆ ಯಾವ ಕೇಂದ್ರವೂ ಸಿಕ್ಕಲಿಲ್ಲ.

"ಮೇಷ್ಟ್ರೇ, ಎರಡು ಕಡೆಯಿಂದ್ಲೂ ಒಂದೇ ಸಮ ಬುಸುಗುಡ್ತೈತಲ್ಲ" ಎಂದರು ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ರುದ್ರಣ್ಣ. "ಸಮಾನತೆ ಅಂದ್ರೆ ಇದೇ ಏನು?"

ಗಿರಿಜ ಅಟ್ಟ ಹತ್ತಿ ಹಳೆಯ ರೇಡಿಯೋವನ್ನು ಇಳಿಸಿದಳು. ಎರಡು ತೆಂಗಿನ ಮರಗಳ ನಡುವೆ ಅದಕ್ಕಾಗಿ ಕಟ್ಟಿದ್ದ ಏರಿಯಲ್ ತಂತಿಯನ್ನು ಬಿಚ್ಚಲು ಅವಳು ನನ್ನನ್ನು ಬಿಟ್ಟಿರಲಿಲ್ಲ. ಅದನ್ನು ಸಿಕ್ಕಿಸಿ ಗುಂಡಿ ತಿರುವಿದಳು. ಹೊಸತು ವ್ಯರ್ಥವಾಗಬಾರದೆಂದು ನಾನು ಅದನ್ನು ಹಳೆಯದರ ಎದುರಿಗಿಟ್ಟು, ಖಾಲಿ ಕ್ಯಾಸೆಟ್ ಹಾಕಿ, ಧ್ವನಿಮುದ್ರಣದ ಕೀಲಿ ಒತ್ತಿದೆ. ಕೋಣೆಯಲ್ಲಿ ಆಗುವ ಸದ್ದನ್ನೆಲ್ಲ ಹಿಡಿಯುವ ಶಕ್ತಿ ಅದಕ್ಕಿತ್ತು.

ಹಳೆಯ ರೇಡಿಯೋ ಗುಂಡಿ ತಿರುವಿದೊಡನೆ ಮಾತನಾಡುವುದಿಲ್ಲ. ಒಳಗಿನ ವಾಲ್ವುಗಳು ಕಾಯಬೇಕು. ಅವು ಕಾಯುವ ತನಕ ನಾವು ಕಾಯಬೇಕು. ಇಪ್ಪತ್ತು ಜನ ಸದ್ದಿಲ್ಲದೆ ಕುಳಿತಿದ್ದರು. ಅಂಥ ಸಭೆ ನನಗೆ ಎಂದೂ ದೊರೆತಿರಲಿಲ್ಲ.

"ಇದು ಕಾಯುವವರೆಗೆ ಎರಡು ಮಾತು" ಎಂದು ರೇಡಿಯೋಗೆ ಬೆನ್ನು ಮಾಡಿ ಎದ್ದು ನಿಂತೆ.

ಹೆಣ್ಣಿನ ಮಾತಿಗೆ ಅಡ್ಡಬಂದವರನ್ನು ಒಬ್ಬೊಬ್ಬರನ್ನಾಗಿ ಹೆಸರಿಸತೊಡಗಿದೆ. ಗಿರಿಜ ಕೈಯೆತ್ತಿದಳು. ಹೊಗಳಿಕೆಗೆ ನಾಚುತ್ತಿದ್ದಾಳೆಂದು ತಿಳಿದು, ನಾಚಿಕೆಯೆಂಬುದು ಸಮಾಜ ಹೆಣ್ಣಿನ ಮೇಲೆ ಹೇರಿದ ಹೊರೆಯೆಂದು ವಿವರಿಸಿದೆ. ರುದ್ರಣ್ಣ ತುಟಿಯ ಮೇಲೆ ಬೆರಳಿಟ್ಟರು. ಬಾಯಿ ಮುಚ್ಚಿಸುವ ವ್ಯವಸ್ಥೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಅವರನ್ನೇ ತೋರಿಸಿ ದನಿ ಏರಿಸಿದೆ. ನಡುವೆ ಗಂಟಲೊಣಗಿ ಒಂದು ಚೊಂಬು ನೀರು ಕುಡಿದು ಮುಂದುವರಿಸಿದೆ.

ನಾನು ಮುಗಿಸಿದಾಗ ಬೆನ್ನ ಹಿಂದಿನಿಂದ ಸೌಮ್ಯವಾದ ಒಂದು ದನಿ ಕೇಳಿಸಿತು: "ಇಲ್ಲಿಗೆ ಈ ಕಾರ್ಯಕ್ರಮ ಮುಕ್ತಾಯವಾಯಿತು."

ಗಿರಿಜ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

"ಟೇಪಿನಲ್ಲಿ ಇದೆಯಲ್ಲ" ಎಂದು ಹಿಂದಕ್ಕೆ ಸುತ್ತಿ ಹಾಕಿದೆ. ಹೊಸ ಯಂತ್ರದ ಸ್ಪಷ್ಟತೆಯನ್ನು ಮೆಚ್ಚಲೇಬೇಕು. ಎಡದಿಂದಲೂ ನಾನು, ಬಲದಿಂದಲೂ ನಾನು! ಹಿಂದೆ ಎಲ್ಲೋ ಸೊಳ್ಳೆಯಂತೆ ಅವಳ ದನಿ. ಆಮೇಲೆ ನನ್ನ ಮಾತು ನಿಂತು ಗುಟುಕ್ ಗುಟುಕ್ ಎಂದು ನೀರು ಕುಡಿಯುವ ಸದ್ದು ಬಂದಿತು. ಅದರ ಜೊತೆಗೇ, ಮೊದಲ ಬಾರಿಗೆ ತಿಳಿಯಾಗಿ, ಗಿರಿಜಳ ದನಿ:

"ಒಳಗಿಂದ ನೀರಿನ ಸದ್ದು ಕೇಳಿಸಿದರೆ ಅದಿನ್ನೂ ಹದಕ್ಕೆ ಬಂದಿಲ್ಲ ಅಂತ ತಿಳಿಯಬೇಕು. ತಿರುಗಿ ಅಟ್ಟದ ಮೇಲೆ ಹಾಕಿಬಿಡಬೇಕು."

"ಏಣಿ ತರ್ಲಾ ಗಿರಿಜಮ್ಮ?" ಎಂದರು ರುದ್ರಣ್ಣ.

ಅವಳು ನಗಲಿಲ್ಲ. ಆ ಎರಡು ವಾಕ್ಯಗಳನ್ನು ಮೂರು ಸಲ ಹಾಕಿಸಿ, ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದಳು. "ಪರವಾಗಿಲ್ಲ ಕಣೇ ನನ್ ದನಿ" ಎಂದು ಪಕ್ಕದವಳಿಗೆ ಹೇಳಿದಳು.

ಕ್ಷಮೆ ಕೋರುವುದು ಕರ್ತವ್ಯವೆಂದು ಎದ್ದು ನಿಂತು, "ಈ ಸಂದರ್ಭದಲ್ಲಿ ಎರಡು ಮಾತು" ಎಂದೆ.

ಗಿರಿಜ ಚೊಂಬನ್ನು ನನ್ನ ಕೈಗಿತ್ತಳು.

"ನೀರು ಕುಡೀರಿ" ಎಂದಳು.

ಕುಡಿದೆ.