ಚಿರತೆ ಬಂಡೆ ತೋರಿಸಿದ ದಿನ

ನಮ್ಮ ಮನೆಯಿಂದ ಯಾರಾದರೂ ಚಪ್ಪಲಿ ಮೆಟ್ಟಿ ಹೊರಟರೆ ಸಾಕು, ಫಜೀತಿಯೂ ತನ್ನ ಚಪ್ಪಲಿ ಹುಡುಕೋಕೆ ಶುರು ಮಾಡುತ್ತೆ. ಈ ಸಲ ಹೊರಟಿದ್ದು ಹಾಸನದ ಪಕ್ಕದ ಕಾಡು ಪಾರ್ಕಿಗೆ, ಬುತ್ತಿ ಕಟ್ಟಿಕೊಂಡು, ಒಂದು ದಿನದ ಮಟ್ಟಿಗೆ. ಹೂವಿನ ಕುಂಡ, ಕಾರಂಜಿ ಇರೋ ಪಾರ್ಕಲ್ಲ ಅದು. ಬರೀ ಮರ, ಪೊದೆ, ಬಂಡೆ, ಮಂಗ. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ಹತ್ತಿದ್ದರೆ ನನ್ನ ಕಥೆಗಳನ್ನ ಆ ಶಾಲೆ ಮಕ್ಕಳೇ ಬಾಯಿಪಾಠ ಮಾಡಬೇಕಾಗ್ತಿತ್ತು. ಮಕ್ಕಳ ಪುಣ್ಯ, ಹತ್ತಲಿಲ್ಲ.

೧. ಮಾತು ಕೊಟ್ಟಿದ್ದು

ನನ್ನ ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದೀವಿ. ಅಲ್ಲಿನ ಬೀಗರು ಹೆಂಡತಿ ಸಮೇತ ದಂಡಿಗನಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ಜಗಲಿ ಮೇಲೆ ಕೂತು ಆನೆ ಕಥೆ ತೆಗೆದರು.

"ನಮ್ ಕಡೆ ಆನೆ ಅಂದ್ರೆ ಕೋಳಿ ಇದ್ದಂಗೆ ಬೀಗ್ರೇ. ಬೆಳಿಗ್ಗೆ ಎದ್ದು ಉಶ್ ಅಂದ್ರೆ ಓಯ್ತವೆ."

ನನ್ನ ಜಗಲಿ ಮೇಲೆ ಇನ್ನೊಬ್ಬರ ಆನೆ! ಸುಮ್ಮನಿರೋಕಾಗುತ್ತಾ? ನನ್ನ ಚಿರತೆ ತೆಗೆದೆ. ಮದುವೆಗೆ ಮುಂಚೆ ಹಾಸನದ ಸಂತೆಗೆ ಹೋಗಿದ್ದಾಗ, ಈಗ ಪಾರ್ಕಾಗಿರೋ ಆ ಕಾಡಿನಲ್ಲಿ, ಒಂದು ಬಂಡೆ ಹತ್ತಿರ ಚಿರತೆ ಎದುರಾಯ್ತು. ಕಿವಿ ಹಿಡಿದು ಎರಡು ಬಿಟ್ಟೆ, ಬಾಲ ಮುದುರಿಕೊಂಡು ಹೋಯ್ತು. ನಲವತ್ತು ವರ್ಷದಿಂದ ಹೇಳ್ತಿರೋ ಕಥೆ. ನಿಮ್ಮ ಹತ್ತಿರ ಮುಚ್ಚಿಡೋದು ಯಾಕೆ, ನಾನು ನೋಡಿದ್ದು ಬಂಡೆ ಹಿಂದೆ ಚುಕ್ಕೆ ಚುಕ್ಕೆ ಬೆನ್ನು ಮಾತ್ರ. ಮುಖ ನೋಡೋಕೆ ಆಗ ನಾನು ಅಲ್ಲಿರಲಿಲ್ಲ. ಕಿವಿ, ಬಾಲ ಎಲ್ಲ ಆಮೇಲೆ ನಮ್ಮೂರ ಅರಳಿಕಟ್ಟೆ ಮೇಲೆ ಬೆಳೆದವು.

"ಆ ಬಂಡೆ ತೋರಿಸ್ತೀರಾ?" ಅಂದರು ಬೀಗರು.

"ಕಣ್ಣಿಗೆ ಬಟ್ಟೆ ಕಟ್ಟಿ ಬುಡಿ, ತೋರಿಸ್ತೀನಿ."

ಒಳಗಿಂದ ನನ್ನ ಹೆಂಡತಿ ಕೂಗಿದಳು, "ತೋರಿಸ್ದೆ ಓದ್ರೆ?"

"ತೋರಿಸ್ದೆ ಓದ್ರೆ ಇನ್ಮ್ಯಾಕೆ ಅರಳಿಕಟ್ಟೆ ಮ್ಯಾಲೆ ಕುಂತು ಒಂದು ಕಥೆ ಹೇಳಿದ್ರೆ ಕೇಳು!"

"ಬೀಗ್ರೇ, ನೀವೇ ಸಾಕ್ಷಿ" ಅಂದಳು. ಮದುವೆಯಾದ ಮೇಲೆ ಅವಳು ಅಷ್ಟು ಸಂತೋಷವಾಗಿ ಕಾಫಿ ಕೊಟ್ಟಿದ್ದು ಅದೇ ಮೊದಲು.

೨. ಕೋಳಿಗೊಂದು ದಿನ

ಬೀಗರ ಜೊತೆ ಹೊರಟ ಮೇಲೆ ನಾಟಿಕೋಳಿ ಸಾರು, ಮುದ್ದೆ ಇಲ್ಲದೆ ಆಗುತ್ತಾ? ಯಾವ ವಾರ ಅಂತ ಕೂತೆವು. ಸೋಮವಾರ ಬೀಗರು ಮುಟ್ಟಲ್ಲ, ಶಿವನ ವಾರ. ಮಂಗಳವಾರ ಪಾರ್ಕಿಗೇ ರಜೆ. ಗುರುವಾರ ನನ್ನ ಹೆಂಡತಿ ಹರಕೆ. ಶುಕ್ರವಾರ ಬೀಗಿತ್ತಿಯ ಲಕ್ಷ್ಮಿ. ಹೊಳೆನರಸೀಪುರದ ನನ್ನ ತಂಗಿಯನ್ನೂ ಕರೆಯೋಣ ಅಂತ ಫೋನ್ ಮಾಡಿದರೆ, "ಶನಿವಾರ ಬುಟ್ಟು ಯಾವತ್ತಾದ್ರೂ ಬತ್ತೀನಿ ಕಣಣ್ಣ" ಅಂದಳು. ಭಾನುವಾರ ಬೇಡ ಅಂದವನು ನಾನೇ. ಅವತ್ತು ಹಾಸನವೆಲ್ಲ ಅಲ್ಲೇ ಇರುತ್ತೆ, ದಾರಿ ತಪ್ಪಿದರೆ ನೋಡೋ ಕಣ್ಣು ಜಾಸ್ತಿ.

ಉಳಿದಿದ್ದು ಬುಧವಾರ. ಕೋಳಿಯನ್ನು ರಾತ್ರಿಯೇ ಮಂಕರಿ ಕೆಳಗೆ ಮುಚ್ಚಿಟ್ಟೆ. ಬೆಳಿಗ್ಗೆ ಆರು ಗಂಟೆಗೆ ಬೀಗರ ಫೋನು.

"ಬೀಗ್ರೇ, ಕ್ವಾಳಿ ಏನಾದ್ರೂ ಕುಯ್ದ್ಬುಟ್ರಾ? ನಮ್ಮನೆಯವಳು ಈಗ ಕ್ಯಾಲೆಂಡ್ರು ನೋಡವ್ಳೆ. ಇವತ್ತು ಸಂಕಷ್ಟಿಯಂತೆ."

ಸೊಪ್ಪಿನ ಸಾರು ಮಾಡಿಕೊಂಡು ಹೊರಟೆವು. ನಾವು ಇಡೀ ವಾರ ಜಾಲಾಡಿ ದಿನ ಹುಡುಕಿದ್ದು ಕೋಳಿಗೆ. ಆ ದಿನ ಚೆನ್ನಾಗಿ ಕಳೆದಿದ್ದೂ ಕೋಳಿಯೇ.

೩. ಮೂರು ಮರ

ಬೀಗರ ವ್ಯಾನಿನಲ್ಲಿ ನನ್ನ ತಂಗಿಯನ್ನೂ ಹತ್ತಿಸಿಕೊಂಡು ಹಾಸನ ಸೇರಿದೆವು. ಗೇಟಿನಲ್ಲಿದ್ದ ಕಾವಲಿನವನು ಕೇಳಿದ, "ಯಜಮಾನ್ರೇ, ಒಳಗಡೆ ದಾರಿ ಗೊತ್ತಾ?"

"ಈ ಮರಗಳು ಚಡ್ಡಿ ಹಾಕ್ಕಂಡಿದ್ದಾಗಿಂದ ನನಗೆ ಗೊತ್ತು ಕಣಪ್ಪಾ" ಅಂದು ಗತ್ತಾಗಿ ಬಲಕ್ಕೆ ತಿರುಗಿದೆ.

"ಸಾ, ಅದು ಶೌಚಾಲಯ."

"ಗೊತ್ತು ಕಣಪ್ಪಾ, ಅಲ್ಲಿಗೇ ಹೊಂಟಿದ್ದು" ಅಂದೆ. ಮಾತು ಉಳಿಸಿಕೊಳ್ಳೋಕೆ ಒಳಗೆ ಹೋಗಿ ಸುಮ್ಮನೆ ಕಾಲು ಗಂಟೆ ನಿಂತಿದ್ದು ಬಂದೆ.

ಆಮೇಲೆ ಶುರುವಾಯ್ತು ನಡಿಗೆ. ನಾನು ಮುಂದೆ, ಹಿಂದೆ ನಾಲ್ಕು ಜನ. ಸೆಖೆ ಅಂತ ಹೆಗಲ ಟವಲ್ಲು ತೆಗೆದು ಎಲ್ಲೋ ನೇತು ಹಾಕಿದ್ದೆ, ಮರೆತುಬಿಟ್ಟೆ. ಒಂದು ಗಂಟೆ ನಡೆದ ಮೇಲೆ ಬೀಗರು ಕೆಮ್ಮಿದರು.

"ಬೀಗ್ರೇ, ಈ ಮರ ಮೂರನೇ ಸಲ ಬತ್ತಾ ಐತೆ."

"ಇಲ್ಲಿ ಒಂದೇ ತರದ ಮರ ಮೂರು ಅವೆ. ನಾನೇ ಎಣಿಸಿವ್ನಿ."

"ಇರಬೋದು. ಮೂರರಾಗೂ ನಿಮ್ಮ ಟವಲ್ಲೇ ನ್ಯಾತಾಡ್ತಾ ಐತಲ್ಲ?"

೪. ಮಂಗ ಮತ್ತು ಮುದ್ದೆ

ಕಾಲು ಸೋತು ಅದೇ ಮರದ ಕೆಳಗೆ ಕೂತೆವು. ನನ್ನ ಹೆಂಡತಿ ಹಾಟ್‌ಬಾಕ್ಸ್ ಮುಚ್ಚಳ ತೆಗೆದಿದ್ದೇ ತಡ, ಕರಡಿ ಗಾತ್ರದ ಗಂಡುಮಂಗ ಧಪ್ ಅಂತ ಇಳಿದು ಒಂದು ಮುದ್ದೆ ಎತ್ತಿಕೊಂಡು ಕೊಂಬೆ ಏರಿತು. ಎರಡು ಕೈಯಲ್ಲಿ ಹಿಡಿದು ಬಾಯಿ ತುಂಬ ಕಚ್ಚಿ ಅಗಿಯೋಕೆ ಶುರು ಮಾಡಿತು.

ಬೀಗರಿಗೆ ಜೀವ ತಡೆಯಲಿಲ್ಲ. "ಲೇ ಲೇ, ಅಗೀಬ್ಯಾಡ ಕಣ್ಲಾ! ನುಂಗು, ನುಂಗು!" ಅಂತ ಕೂಗಿ, ಬೆರಳಲ್ಲಿ ಉಂಡೆ ಮಾಡಿ ನುಂಗೋದು ಹೇಗೆ ಅಂತ ತೋರಿಸಿಯೂ ತೋರಿಸಿದರು. ಮಂಗ ಕೇಳಬೇಕಲ್ಲ. ನಾಲ್ಕು ಸಲ ಅಗಿಯೋದರೊಳಗೆ ಮೇಲಿನ ಹಲ್ಲು ಕೆಳಗಿನ ಹಲ್ಲು ಅಂಟಿಕೊಂಡವು. ಗುರ್ ಅನ್ನೋಕೆ ಹೋದರೆ ಮೂಗಿಂದ ಗಾಳಿ ಬಂತು. ಉಳಿದ ಮುದ್ದೆ ಬಿಸಾಕಿ, ಕೆನ್ನೆ ಹಿಡಿದುಕೊಂಡು, ಹಲ್ಲು ಕೀಳಿಸಿಕೊಂಡವರ ಹಾಗೆ ಕೂತುಬಿಟ್ಟಿತು.

ನನ್ನ ಹೆಂಡತಿ ಅದನ್ನ ನೋಡಿದಳು, ನನ್ನನ್ನ ನೋಡಿದಳು. "ಬಾಯಿ ಮುಚ್ಚಿಸಾಕೆ ಒಂದು ಮುದ್ದೆ ಸಾಕು ಅಂತ ನಂಗೆ ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಲ್ಲ ಬೀಗ್ರೇ!"

೫. ಬಂಡೆ

ಊಟವಾಯ್ತು. ಬೀಗರು ಗಡಿಯಾರ ನೋಡಿ, "ಗೇಟು ಮುಚ್ಚೋ ಹೊತ್ತಾಯ್ತಾ ಬಂತು. ಸೋತೆ ಅಂದ್ಬುಡಿ, ಮನೆಗೆ ಓಗನ" ಅಂದರು. ನಾಳೆಯಿಂದ ಅರಳಿಕಟ್ಟೆ ಮೇಲೆ ಕೂತು ಬೇರೆಯವರ ಕಥೆಗೆ ಹೂಂಗುಟ್ಟಬೇಕು! ಅದಕ್ಕಿಂತ ನಿಜವಾದ ಚಿರತೆ ಬಂದು ಹೊತ್ತುಕೊಂಡು ಹೋದರೂ ಚಿಂತೆಯಿಲ್ಲ ಅನ್ನಿಸಿತು.

ಆಗ ನನ್ನ ಹೆಂಡತಿ ಸೆರಗು ಸಿಕ್ಕಿಸಿ ಎದ್ದಳು. "ಇವರಿಗೆ ಬಿಸಿಲಿಗೆ ಕಣ್ಣು ಮಂಜಾಗವೆ. ಆ ಬಂಡೆ ದಾರಿ ನೂರು ಸಲ ಹೇಳವ್ರೆ, ನಂಗೇ ಗೊತ್ತು. ಬನ್ನಿ."

ಒಂದು ಪೊದೆ ಬಳಸಿ, ಒಂದು ಹಳ್ಳ ದಾಟಿ, ಹತ್ತೇ ನಿಮಿಷದಲ್ಲಿ ನಿಲ್ಲಿಸಿದಳು. ಬಂಡೆ! ಅದೇ ಬಂಡೆ! ಅವತ್ತು ಬೆನ್ನು ಕಂಡ ಆ ಸೀಳು ಕೂಡ ಹಾಗೇ ಇತ್ತು. ಬೀಗರು ಮುಟ್ಟಿ ನೋಡಿ, "ಒಪ್ಪಿದೆ ಬೀಗ್ರೇ, ನನ್ನ ಆನೆಗಿಂತ ನಿಮ್ಮ ಚಿರತೆ ದೊಡ್ಡದು" ಅಂದರು. ಬೀಗಿತ್ತಿ ಫೋಟೋ ಹೊಡೆದರು. ಎದೆ ಮೇಲಿದ್ದ ಒರಳುಕಲ್ಲು ಇಳಿದ ಹಾಗಾಯ್ತು ನನಗೆ.

ವಾಪಸ್ಸು ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಅವಳ ಕಿವಿಯಲ್ಲಿ ಕೇಳಿದೆ. "ನಾನು ದಾರಿ ಯಾವತ್ತೂ ಹೇಳಿಲ್ಲ. ನಿಂಗೆಂಗೆ ಗೊತ್ತಾಯ್ತು?"

"ನನ್ನ ತವರು ಆ ಬೇಲಿ ಆಚೆಗೇ ಅಲ್ವಾ? ಬೇಲಿ ಹಾಕೋಕೆ ಮುಂಚೆ ದನ ಮೇಸ್ತಿದ್ದಿದ್ದೇ ಅಲ್ಲಿ. ಅವತ್ತು ಆ ಬಂಡೆ ಮಗ್ಗುಲಾಗೇ ನಾನು ಕುಂತಿದ್ದೆ. ನೀವು ಓಡಿದ ಓಟಕ್ಕೆ, ಬೂವನಹಳ್ಳೀಲಿ ಕಟ್ತಾನೇ ಅವ್ರಲ್ಲ ಏರ್‌ಪೋರ್ಟು, ಅದರ ವಿಮಾನನೂ ಸಾಟಿಯಿಲ್ಲ, ಅದು ಇನ್ನೂ ಬರಬೇಕು."

"ಮತ್ತೆ ಚಿರತೆ?"

"ಚಿರತೆ ಅಲ್ಲ ಕಣ್ರೀ, ನಮ್ಮ ಚುಕ್ಕೆ ಕರ."

"ಹೆಣ್ಣು ನೋಡಾಕೆ ಬಂದಾಗ ಗುರುತು ಸಿಗ್ಲಿಲ್ವಾ?"

"ಸಿಕ್ತು. ಅಪ್ಪಂಗೆ ಹೇಳ್ದೆ. ಆ ಪಾಟಿ ಓಡ್ತಾನೆ ಅಂದ್ರೆ ಕಾಲು ಗಟ್ಟಿ ಅವೆ, ಕೊಟ್ಬುಡನ ಅಂತು ಅಪ್ಪ."

ಟವಲ್ಲಿನಲ್ಲಿ ಮುಖ ಒರೆಸಿಕೊಂಡೆ. "ಆಮೇಲೆ ಆ ಕರ ಏನಾಯ್ತು?"

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಮದುವೇಲಿ ನನ್ನ ಜೊತೆ ಬಳುವಳಿ ಕೊಟ್ರಲ್ಲ ಹಸ, ಅದೇ!"

ಮಾರನೇ ದಿನ ಬೆಳಿಗ್ಗೆ ಅರಳಿಕಟ್ಟೆ ಮೇಲೆ ಎಲ್ಲರಿಗಿಂತ ಮೊದಲು ಹೋಗಿ ಕೂತೆ. "ಕೇಳ್ರಪ್ಪಾ, ಆ ಚಿರತೇನ ನಾನು ಓಡಿಸಲಿಲ್ಲ. ಮನೆಗೆ ಹಿಡಿದು ತಂದು ಕೊಟ್ಟಿಗೇಲಿ ಕಟ್ಟಿ, ಹನ್ನೆರಡು ವರ್ಷ ಅದರ ಹಾಲು ಕುಡಿದಿವ್ನಿ." ಎಲ್ಲರೂ ಬಿದ್ದು ಬಿದ್ದು ನಕ್ಕರು, ಒಬ್ಬನೂ ನಂಬಲಿಲ್ಲ. ನಲವತ್ತು ವರ್ಷದಲ್ಲಿ ನಾನು ಅಲ್ಲಿ ಹೇಳಿದ ನಿಜ ಅದೊಂದೇ.