ಏಳು ಕಿಕ್ಕಿನ ಗಾಡಿ

ಮನೆಯಲ್ಲಿ ಎಲ್ಲರೂ ಸಂತೋಷವಾಗಿರುವಾಗ ಒಬ್ಬನೇ ಮುಖ ಇಳಿಬಿಟ್ಟುಕೊಂಡು ಕೂರುವುದು ಎಷ್ಟು ಕಷ್ಟ ಎಂಬುದು ಹಾಗೆ ಕೂತವನಿಗೇ ಗೊತ್ತು. ಏನಾಯಿತೆಂದು ಯಾರೂ ಕೇಳುವುದಿಲ್ಲ. ಕೇಳಿದರೂ ಬಾಯಿ ಬಿಟ್ಟು ಹೇಳುವಂಥ ದುಃಖವಲ್ಲ ನನ್ನದು. ವಿಚಿತ್ರವೆಂದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವನೂ ನಾನೇ. ಮೊಮ್ಮಗಳು ಪವಿತ್ರಳಿಗೆ ದನದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕುರಿ ಕಾಯ್ದವನ ಮೊಮ್ಮಗಳು ಕುರಿಗೆ ಸೂಜಿ ಹಾಕುವವಳಾದಳು! ಆ ದಿನ ಬಾಗೂರಿನಲ್ಲಿ ಗೊತ್ತಿದ್ದವರಿಗೆಲ್ಲ ಹೇಳಿದೆ. ಅದು ಸಾಲದೆ, ಬಸ್ಸಿಗೆ ಕಾಯುತ್ತಿದ್ದ ಯಾರೋ ಶ್ರೀರಾಂಪುರದವರಿಗೂ ಹೇಳಿದೆ. ಪಾಪ, ಬಸ್ಸು ತಡವಾಗಿದ್ದರಿಂದ ಅವರು ಎರಡು ಸಲ ಕೇಳಿಸಿಕೊಂಡರು.

ಆಸ್ಪತ್ರೆ ಇರುವುದು ಹೊಸದುರ್ಗ ದಾಟಿ ಹೊಳಲ್ಕೆರೆ ರಸ್ತೆಯಲ್ಲಿ. ಓಡಾಡಲು ಸ್ಕೂಟರ್ ಕೊಡಿಸುತ್ತೇನೆ ಎಂದ ಅವಳಪ್ಪ. "ಸ್ಕೂಟ್ರು ಬ್ಯಾಡಪ್ಪ, ನಂಗೆ ತಾತನ ಗಾಡಿನೇ ಬೇಕು" ಎಂದಳು ಪವಿತ್ರ. ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಆ ಗಾಡಿಯ ಬಗ್ಗೆ ಹೇಳಬೇಕು. ಅದು ನಾನು ಮದುವೆಯಾದ ಹೊಸದರಲ್ಲಿ ಹಿರಿಯೂರಿನಲ್ಲಿ ಕೊಂಡ ಮೋಟಾರ್ ಸೈಕಲ್ಲು. ಅಂಥ ಗಾಡಿಗಳನ್ನು ಈಗ ಯಾರೂ ಮಾಡುವುದಿಲ್ಲ. ಅದಕ್ಕೊಂದು ಗುಣವಿತ್ತು. ನನ್ನನ್ನು ಬಿಟ್ಟು ಬೇರೆ ಯಾರು ಒದ್ದರೂ ಹತ್ತುತ್ತಿರಲಿಲ್ಲ. ಮೊದಲು ಚಪ್ಪಲಿ ಬಿಡಬೇಕು. ಕಾರ್ಬೋರೇಟರಿನ ಗುಂಡಿಯನ್ನು ಪೆಟ್ರೋಲು ಕಾಲ ಮೇಲೆ ತೊಟ್ಟಿಕ್ಕುವ ತನಕ ಒತ್ತಬೇಕು. ಕಂಬಳಿಯ ಮೂಲೆಯಿಂದ ಅದರ ಗಾಳಿ ಬಾಯಿಯನ್ನು ಮುಚ್ಚಬೇಕು. ಆಮೇಲೆ "ನಡಿಯವ್ವ" ಎಂದು ಏಳು ಸಲ ಒದೆಯಬೇಕು. ಏಳನೆಯದಕ್ಕೆ ಹತ್ತುತ್ತಿತ್ತು. ಊರಿನ ಗಟ್ಟಿಮುಟ್ಟಾದ ಹುಡುಗರೆಲ್ಲ ಒದ್ದು ಬೆವರಿ ಕೈಬಿಟ್ಟ ಮೇಲೆ ನಾನು ಕಂಬಳಿ ಕೊಡವಿಕೊಂಡು ನಿಧಾನಕ್ಕೆ ಎದ್ದು ಹೋಗುತ್ತಿದ್ದೆನಲ್ಲ, ಆ ನಾಲ್ಕು ಹೆಜ್ಜೆಯಷ್ಟು ಸುಖ ನನಗೆ ಜೀವನದಲ್ಲಿ ಬೇರೆ ಇರಲಿಲ್ಲ. ಹೆಂಡತಿ ಮಾತ್ರ, "ಕಂಬ್ಳಿ ಹೊದ್ಕಂಡ್ರೆ ಪೆಟ್ರೋಲ್ ಬಂಕ್ನಾಗ್ ಮಲಗ್ದಂಗ್ ಆಗ್ತೈತೆ ಕಣ್ರೀ" ಎನ್ನುತ್ತಿದ್ದಳು.

ಹಾಗಾಗಿ ಗಾಡಿ ಮೊಮ್ಮಗಳದಾದರೂ ಕಾಲು ನನ್ನದೇ ಎಂದು ಲೆಕ್ಕ ಹಾಕಿದ್ದೆ. ಕಣ್ಣಿನ ಆಪರೇಷನ್ ಆದ ಮೇಲೆ ನನಗೆ ಓಡಿಸಲು ಬಿಡುತ್ತಿಲ್ಲ. ಹೋಗಲಿ, ದಿನಾ ಬೆಳಗ್ಗೆ "ತಾತಾ, ಬಾ" ಎಂದು ಅವಳು ಕರೆಯಬೇಕು, ನಾನು ಹೋಗಿ ಹತ್ತಿಸಿ ಕೊಡಬೇಕು. ಈ ವಯಸ್ಸಿನಲ್ಲಿ ದಿನಕ್ಕೊಂದು ಸಲ ಯಾರಿಗಾದರೂ ಬೇಕಾಗುವುದೆಂದರೆ ಸಣ್ಣದಲ್ಲ.

ಮೊದಲ ಪೆಟ್ಟು ಬಿದ್ದದ್ದು ಟೈರಿನಲ್ಲಿ. ಹಳೆಯವು ಸವೆದಿದ್ದರಿಂದ ಹೊಸ ಜೊತೆ ತರಲು ಇಬ್ಬರೂ ಚಿತ್ರದುರ್ಗಕ್ಕೆ ಹೋದೆವು. ಟೈರು ಆರಿಸುವುದು ನಾನೇ ಎಂದು ಬಸ್ಸಿನಲ್ಲೇ ಹೇಳಿಟ್ಟಿದ್ದೆ. ಸಂತೆಯಲ್ಲಿ ಟಗರು ಆರಿಸಿದವನಿಗೆ ಟೈರು ಯಾವ ಮಹಾ? ಬೆನ್ನು ಹಿಡಿದು ಒತ್ತಿದೆ. ಪಕ್ಕೆ ತಟ್ಟಿದೆ. ಎತ್ತಿ ತೂಕ ನೋಡಿದೆ. ಮೂಸಿಯೂ ನೋಡಿದೆ.

"ಯಜಮಾನ್ರೇ, ಅದೇನ್ ಹಾಯಾಕಿಲ್ಲ, ಧೈರ್ಯವಾಗ್ ಹಿಡ್ಕಳ್ರಿ" ಎಂದ ಅಂಗಡಿಯವನು.

ಒಳಗಿನ ಮೂಲೆಯಲ್ಲಿ ಒಂದು ಟೈರು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಎಳೇ ಟಗರಿನ ಮೈಯಂತೆ. "ಇದೇ" ಎಂದೆ. ಪವಿತ್ರ ಅದನ್ನು ಉರುಳಿಸಿ, ಪಕ್ಕದಲ್ಲಿದ್ದ ಯಾವುದೋ ನಾಲ್ಕು ಅಂಕಿಯ ಮೇಲೆ ಬೆರಳಿಟ್ಟಳು.

"ತಾತ, ಕುರಿ ವಯಸ್ಸು ಹೆಂಗ್ ನೋಡ್ತೀಯ?"

"ಬಾಯಿ ಬಿಡಿಸಿ ಹಲ್ಲು ನೋಡ್ತೀನಿ."

"ಟೈರಿಗೆ ಇದೇ ಹಲ್ಲು. ಯಾವ ವಾರ, ಯಾವ ವರ್ಷ ಹುಟ್ಟಿದ್ದು ಅಂತ ಬರ್ದೈತೆ. ನೀನ್ ಹಿಡಿದಿರೋದು ಏಳು ವರ್ಷದ ಮುದಿ ಟಗರು. ಎಣ್ಣೆ ಸವರಿ ನಿಲ್ಸವ್ರೆ."

ಅಂಗಡಿಯವನು ಬೇಗ ಬೇಗ ಒಳಗೆ ಹೋಗಿ ಹೊಸ ಜೊತೆ ತಂದಿಟ್ಟ. ಮುಂದಿನದಕ್ಕೆ ಉದ್ದ ಗೆರೆ, ಹಿಂದಿನದಕ್ಕೆ ಚೌಕ ಚೌಕದ ಅಚ್ಚು, ಅಗಲ ಹಳೆಯದರಷ್ಟೇ. ಎಲ್ಲ ಅವಳೇ ಹೇಳಿದಳು. ನಾನು ಎರಡನ್ನೂ ಬಸ್ಸಿನ ಟಾಪಿಗೆ ಏರಿಸುವಾಗ ಒಂದು ಕೈ ಕೊಟ್ಟೆ.

ಎರಡನೆಯ ಪೆಟ್ಟು ಭಾನುವಾರ ಬಿತ್ತು. ಪವಿತ್ರ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕಾರ್ಬೋರೇಟರ್ ಬಿಚ್ಚಿದಳು. ಫೋನಿನಲ್ಲಿ ಯಾರೋ ಮಲಯಾಳದಲ್ಲಿ ಹೇಳಿಕೊಡುತ್ತಿದ್ದ. "ನಿಂಗೆ ಮಲಯಾಳ ಬರ್ತೈತೇನವ್ವ?" ಎಂದೆ. "ಮಾತಿಗೇನು, ಅವನ ಕೈ ನೋಡಿದ್ರೆ ಸಾಕು" ಎಂದಳು. ಸಾಸಿವೆ ಕಾಳಿನಷ್ಟೂ ಇಲ್ಲದ ತೂತಿನ ಹಿತ್ತಾಳೆ ಮೊಳೆಯೊಂದನ್ನು ಬೆಳಕಿಗೆ ಹಿಡಿದಳು. ಬೆಳಕು ಕಾಣಲಿಲ್ಲ. ಎಳೆ ತಂತಿಯಿಂದ ಚುಚ್ಚಿ ಎಳೆದಳು. ಕಪ್ಪಗೆ, ಗುಂಗುರು ಗುಂಗುರಾಗಿ ಏನೋ ಬಂತು. ಅಂಗೈ ಮೇಲಿಟ್ಟು ನನಗೆ ತೋರಿಸಿದಳು.

ಉಣ್ಣೆ.

ಇಷ್ಟು ವರ್ಷ ನಾನು ಗಾಳಿ ಬಾಯಿಗೆ ಮುಚ್ಚಿದ ಕಂಬಳಿಯ ಎಳೆಗಳನ್ನು ಅದು ಒಂದೊಂದೇ ನುಂಗಿ, ಆ ತೂತಿನಲ್ಲಿ ಗೂಡು ಕಟ್ಟಿಕೊಂಡಿತ್ತು. ಪೆಟ್ರೋಲು ಸಾಲದೆ ಹತ್ತುತ್ತಿರಲಿಲ್ಲ. ಹತ್ತುವುದಿಲ್ಲವೆಂದು ನಾನು ಮತ್ತೆ ಕಂಬಳಿ ಮುಚ್ಚುತ್ತಿದ್ದೆ. ನಾನು ವಾಸಿ ಮಾಡುತ್ತಿದ್ದ ಕಾಯಿಲೆಯನ್ನು ತಂದವನೂ ನಾನೇ.

"ಅಯ್ಯೋ, ನಮ್ಮ ಕರಿ ಕಂಬ್ಳಿದೇ ಕಣೇ!" ಎಂದು ಹೆಂಡತಿ ಗುರುತು ಹಿಡಿದಳು. ಸುಮ್ಮನಿರಬಹುದಿತ್ತು.

ಜೋಡಿಸಿದ ಮೇಲೆ ಇಂಜಿನ್ ಬಿಸಿ ಮಾಡಿ, ಗಾಳಿ ಸ್ಕ್ರೂವನ್ನು ಪೂರ್ತಿ ಒಳಕ್ಕೆ ಸುತ್ತಿ, ಒಂದೂವರೆ ಸುತ್ತು ಹೊರಕ್ಕೆ ತಂದು, ಕಿವಿ ಇಟ್ಟು ಕೇಳಿ ನಿಲ್ಲಿಸಿದಳು. ಗುರುತಿಗೆ ಸ್ಕ್ರೂ ತಲೆಯ ಮೇಲೆ ಕೆಂಪು ಉಗುರು ಬಣ್ಣದ ಗೆರೆ ಎಳೆದಳು. ಇಂಜಿನ್ ಆರಿಸಿ ಮತ್ತೆ ಒದ್ದಳು. ಒಂದೇ ಕಿಕ್ಕು. ಹತ್ತಿತು. ಅವಳಪ್ಪ ಒದ್ದ, ಹತ್ತಿತು. ಕೊನೆಗೆ ನನ್ನ ಹೆಂಡತಿ ಸೀರೆ ಎತ್ತಿ ಸಿಕ್ಕಿಸಿಕೊಂಡು, ಜನ್ಮದಲ್ಲಿ ಮೊದಲ ಸಲ ಒದ್ದಳು. ಆ ದ್ರೋಹಿ ಅವಳಿಗೂ ಹತ್ತಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಜಗಲಿಯ ಕಂಬಕ್ಕೆ ಒರಗಿ ಕೂತೆ. ವಾರ ಕಳೆದರೂ ಅಲ್ಲೇ ಕೂತಿದ್ದೆ. ದಿನಾ ಬೆಳಗ್ಗೆ ಒಂದೇ ಒಂದು ಸಲ "ಡುಗ್" ಎನ್ನುವುದು, "ಬರ್ತೀನಿ ತಾತ" ಎನ್ನುವುದು, ಆಮೇಲೆ ಧೂಳು. ಅದನ್ನು ಕೇಳುವುದು ಬಿಟ್ಟರೆ ನನಗೆ ಬೇರೆ ಕೆಲಸವಿಲ್ಲ.

ಮುಂದಿನದನ್ನು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಮರು ಭಾನುವಾರ ಪವಿತ್ರ ತಲೆಸ್ನಾನಕ್ಕೆ ಹೋಗಿದ್ದಾಗ, ಚಾಕುವಿನ ತುದಿಯಿಂದ ಆ ಸ್ಕ್ರೂವನ್ನು ಕಚ್ಚಿಕೊಳ್ಳುವ ತನಕ ಒಳಕ್ಕೆ ಸುತ್ತಿಬಿಟ್ಟೆ. ನಾಲ್ಕು ಸಲ ಬಚ್ಚಲ ಕಡೆ ತಿರುಗಿ ನೋಡಿದೆ. ಕುರಿ ಕದಿಯುವವನೂ ಅಷ್ಟು ಸಲ ನೋಡಲಿಕ್ಕಿಲ್ಲ.

ಸೋಮವಾರ ಬೆಳಗ್ಗೆ ಅವಳು ಒದ್ದಳು. ಇಲ್ಲ. ಮತ್ತೆ ಒದ್ದಳು. ಇಲ್ಲ. ಕೆಳಗೆ ಬಗ್ಗಿ ಒಂದು ಗಳಿಗೆ ನೋಡಿದಳು. ನಾನು ಆಕಾಶ ನೋಡಿದೆ.

"ತಾತಾ, ಬಾ. ನನ್ ಕೈಲಾಗ್ತಿಲ್ಲ."

ಎದ್ದೆ. ಕಂಬಳಿ ಕೊಡವಿದೆ. ಆ ನಾಲ್ಕು ಹೆಜ್ಜೆ ನಡೆದೆ. ಚಪ್ಪಲಿ ಬಿಟ್ಟು, ಗುಂಡಿ ಒತ್ತಿ, "ನಡಿಯವ್ವ" ಎಂದು ಏಳು ಸಲ ಒದ್ದೆ. ಹತ್ತಲಿಲ್ಲ. ಎಂಟು, ಒಂಬತ್ತು, ಹತ್ತು. ಮೊಣಕಾಲು ಕೂಗಿಕೊಂಡಿತು, ಗಾಡಿ ಕೂಗಲಿಲ್ಲ. ಕೆಡಿಸುವುದು ಗೊತ್ತಿತ್ತೇ ಹೊರತು ಸರಿಮಾಡುವುದು ನನಗೆ ಯಾವತ್ತೂ ಗೊತ್ತಿರಲೇ ಇಲ್ಲ.

ಪವಿತ್ರ ಹತ್ತಿರ ಬಂದಳು. ಒಳಗಿದ್ದ ಅವಳಜ್ಜಿಗೆ ಕೇಳಿಸದಂತೆ, "ಒಂದೂವರೆ ಸುತ್ತು ಹೊರಕ್ಕೆ, ತಾತ" ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟಳು. ಕೆಂಪು ಗೆರೆ ಮೊದಲಿದ್ದ ಕಡೆಗೆ ಬರುವವರೆಗೂ ಬಗ್ಗಿ ನೋಡುತ್ತಿದ್ದಳು. ಆಮೇಲೆ ಒದ್ದೆ. ಹತ್ತಿತು.

"ನೋಡಜ್ಜಿ, ತಾತಂಗೇ ಹತ್ತಿದ್ದು!" ಎಂದು ಕೂಗಿ ಹೇಳಿ ಹೊರಟುಹೋದಳು.

ಅವತ್ತಿನಿಂದ ದಿನಾ ಬೆಳಗ್ಗೆ ಕರೆಯುತ್ತಾಳೆ. ನಾನು ಹೋಗಿ ಒದೆಯುತ್ತೇನೆ. ಒಂದೇ ಕಿಕ್ಕಿಗೆ ಹತ್ತುತ್ತದೆ. ಯಾರು ಒದ್ದರೂ ಹತ್ತುತ್ತದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಚಪ್ಪಲಿ ಮಾತ್ರ ಬಿಟ್ಟೇ ಒದೆಯುತ್ತೇನೆ.